ಕೊರಬಾಡಿನ ಗಡಿಗೆ

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಮಧುಗಿರಿ ತಾಲ್ಲೂಕಿನ ನಮ್ಮ ಕೊಡಿಗೇನಹಳ್ಳಿ ಕಡೆ ಅಂದು ನಾಲ್ಕಾರು ಮನೆಯವರು ಸೇರಿ ಕುರಿ ಕೊಯ್ದು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಗುಡ್ಡೆಬಾಡು ಮನೆಗೆ ಬಂತೆಂದರೆ ಗಂಡಸರ ಕೆಲಸ ಮುಗಿಯಿತು. ಫ್ರಿಜ್ ಇಲ್ಲದ ಕಾಲದಲ್ಲಿ, ಚೈತ್ರದ ಆ ಸೆಖೆಯಲ್ಲಿ, ಬೇಯಿಸಿ ಉಳಿದ ಬಾಡನ್ನು ಕೆಡದಂತೆ ಕಾಯುವುದು ಹೆಂಗಸರ ಪಾಲು.

ನಮ್ಮಜ್ಜಿ ಅದನ್ನು ತೆಳುವಾಗಿ ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಚೂರು ಖಾರದಪುಡಿ ಸವರಿ, ದಾರಕ್ಕೆ ಪೋಣಿಸಿ ಮಾಳಿಗೆಯ ಮೇಲೆ ಕಟ್ಟುತ್ತಿದ್ದಳು. ಕಾಗೆ ಓಡಿಸಲು ನಾವು ಮಕ್ಕಳು. ಸಂಜೆ ಒಳಗೆ, ಬೆಳಿಗ್ಗೆ ಮತ್ತೆ ಹೊರಗೆ. ನಾಲ್ಕೈದು ದಿನದಲ್ಲಿ ಕಡ್ಡಿಯಂತೆ ಕಟಕಟ ಎನ್ನುವಷ್ಟು ಒಣಗಿದರೆ ಅದು ಕೊರಬಾಡು. ನಮ್ಮದು ಆಂಧ್ರದ ಗಡಿ. ತೆಲುಗು ಮಾತಿನ ಮನೆಗಳಲ್ಲಿ ಅದೇ ಉಪ್ಪುಕಂಡ. ಗಡಿಗೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಮಳೆಗಾಲದಲ್ಲಿ ಹುರುಳಿಕಾಳಿನ ಸಾರಿಗೆ ಆಗುತ್ತಿತ್ತು.

"ಉಪ್ಪು ಜಾಸ್ತಿಯಾದ್ರೆ ತೊಳ್ಕಂಡು ತಿನ್ಬೋದು, ಕಮ್ಮಿಯಾದ್ರೆ ತಿಪ್ಪೆಗೆ ಹಾಕ್ಬೇಕಾಗ್ತದೆ ಕಣವ್ವ" ಎನ್ನುತ್ತಿದ್ದಳು.

ಈಗ ಮಾಂಸ ಕೆಡದಂತೆ ಗಿಡಮೂಲದ ಸುಗಂಧ ತೈಲ ಬಳಸುವ ಸಂಶೋಧನೆಗಳ ಬಗ್ಗೆ ಓದುವಾಗಲೆಲ್ಲ ಈ ಮಾತು ನೆನಪಾಗುತ್ತದೆ. ಸಾಸೇಜು, ಬೇಕನ್‌ಗಳಿಗೆ ಹಾಕುವ ನೈಟ್ರೈಟಿನ ಬಗ್ಗೆ ಮೊದಲಿನಿಂದಲೂ ಅನುಮಾನವಿತ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ ಮೇಲೆ ಲವಂಗ, ದಾಲ್ಚಿನ್ನಿ, ಓಂಕಾಳಿನ ಎಣ್ಣೆಗಳತ್ತ ಕಣ್ಣು ಹೆಚ್ಚಿತು. ಹೊಸ ವಿಷಯವೇನಲ್ಲ. 1887ರಲ್ಲೇ ಫ್ರಾನ್ಸಿನ ಶಾಂಬರ್ಲಾಂ ಎಂಬ ವಿಜ್ಞಾನಿ ಇಂಥ ಎಣ್ಣೆಗಳು ನೆರಡಿ ರೋಗದ ಸೂಕ್ಷ್ಮಜೀವಿಯನ್ನು ತಡೆಯುತ್ತವೆಯೇ ಎಂದು ಪರೀಕ್ಷಿಸಿದ್ದ. ಹಲ್ಲುನೋವಿಗೆಂದು ನೀವು ಮನೆಯಲ್ಲಿಟ್ಟಿರುವ ಲವಂಗದೆಣ್ಣೆಯಲ್ಲಿ ಬಹುಪಾಲು ಯೂಜಿನಾಲ್, ಓಂಕಾಳಿನಲ್ಲಿ ಥೈಮಾಲ್. ಎರಡೂ ಸೂಕ್ಷ್ಮಜೀವಿಯ ಹೊರಪೊರೆಯನ್ನೇ ಕೆಡಿಸುತ್ತವೆ.

ಹಾಗಾದರೆ ಮಸಾಲೆಯೇ ಬಾಡನ್ನು ಕಾಯುತ್ತಿತ್ತೇ? 1998ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 36 ದೇಶಗಳ 4,578 ಮಾಂಸದ ಅಡುಗೆಗಳನ್ನು ಲೆಕ್ಕಹಾಕಿ, ಸೆಖೆಯ ನಾಡಿನವರು ಹೆಚ್ಚು ಮಸಾಲೆ ತಿನ್ನುವುದು ರೋಗಾಣುಗಳಿಂದ ಪಾರಾಗಲು ಎಂದರು. ಕೇಳಲು ಸೊಗಸು. 2021ರಲ್ಲಿ ಇನ್ನೂ ದೊಡ್ಡ ಲೆಕ್ಕ ಹಾಕಿದವರು ಅದಕ್ಕೆ ಆಧಾರ ಸಾಲದು ಎಂದರು. ನನಗೂ ಎರಡನೆಯದೇ ಸರಿಯೆನ್ನಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1130ರ ತನ್ನ 'ಮಾನಸೋಲ್ಲಾಸ'ದಲ್ಲಿ ಬಗೆಬಗೆಯ ಮಾಂಸದಡುಗೆ ಹೇಳುತ್ತಾನೆ; ಇಂಗಿನ ನೀರು, ಅರಿಶಿನ, ಶುಂಠಿ, ಮೆಣಸು ಅಲ್ಲಿ ಧಾರಾಳ. ಅರಮನೆಗೆ ಬೇಕಾದಾಗ ಹೊಸ ಮಾಂಸ ಸಿಗುತ್ತಿತ್ತು, ಅಲ್ಲಿ ಮಸಾಲೆ ರುಚಿಗೆ. ವರ್ಷಕ್ಕೊಮ್ಮೆ ಸಿಕ್ಕ ಬಾಡನ್ನು ತಿಂಗಳುಗಟ್ಟಲೆ ಇಡಬೇಕಾದ ನಮ್ಮಂಥವರ ಮನೆಗಳಲ್ಲಿ ಲವಂಗ ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಎರಡೋ ಮೂರೋ ಇರುತ್ತಿದ್ದವು, ಅಷ್ಟೆ.

ನೀರಿಲ್ಲದೆ ಸೂಕ್ಷ್ಮಜೀವಿ ಬೆಳೆಯದು. ಆ ನೀರನ್ನು ಹೀರಿದ್ದು ಉಪ್ಪು, ನಮ್ಮ ಬಯಲುಸೀಮೆಯ ಬಿಸಿಲು, ಒಣಗಾಳಿ. ಅದೇ ಕೊಡಗಿನ ಮಳೆಯಲ್ಲಿ ಹೀಗೆ ನಡೆಯದು. ಅಲ್ಲಿ ಒಲೆಯ ಮೇಲೆ ಹೊಗೆಗೆ ಕಟ್ಟುತ್ತಾರೆ, ಹಂದಿಮಾಂಸಕ್ಕೆ ಕಾಚಂಪುಳಿಯ ಹುಳಿ ಹಾಕುತ್ತಾರೆ. ಅಜ್ಜಿಯ ಅರಿಶಿನ, ಬೆಳ್ಳುಳ್ಳಿ ಏನೂ ಮಾಡಲಿಲ್ಲವೆಂದಲ್ಲ. ಮೇಲ್ಮೈ ಒಣಗುವ ಮೊದಲ ದಿನ ಒಂದಿಷ್ಟು ಆಸರೆಯಾಗಿರಬೇಕು. ಅದಕ್ಕಿಂತ ಹೆಚ್ಚಿನ ಕೀರ್ತಿ ಅವಕ್ಕೆ ಬೇಡ.

ಪ್ರಯೋಗಾಲಯದವರೂ ಇದೇ ತೊಡಕಿಗೆ ಸಿಕ್ಕಿದ್ದಾರೆ. ಗಾಜಿನ ನಳಿಗೆಯಲ್ಲಿ ಹನಿ ಎಣ್ಣೆ ಸಾಕು. ಮಾಂಸದಲ್ಲಿ ಕೊಬ್ಬು ಆ ಎಣ್ಣೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹಂದಿಯ ಈಲಿಯ ಸಾಸೇಜಿಗೆ ಸುಮಾರು 10 ಪಟ್ಟು ಬೇಕಾಯಿತೆಂದು ದಾಖಲೆಯಿದೆ. ಅಷ್ಟು ಹಾಕಿದರೆ ವಾಸನೆಗೆ ಯಾರೂ ಬಾಯಿಗಿಡರು. ಅದಕ್ಕೇ ಈಗ ಎಣ್ಣೆಯನ್ನು ಪೊಟ್ಟಣದ ಹಾಳೆಗೆ ಸೇರಿಸುವ ಪ್ರಯತ್ನಗಳು.

ವಾಸನೆಯೆಂದರೆ ನಾನು ಹೇಳದೆ ಉಳಿಸಿಕೊಂಡದ್ದೊಂದಿದೆ. ಮದುವೆಯಾಗಿ ಪೇಟೆಯ ಬಾಡಿಗೆ ಮನೆಗೆ ಬಂದ ವರ್ಷ ಅಜ್ಜಿ ಬಟ್ಟೆಯಲ್ಲಿ ಕಟ್ಟಿ ಕೊರಬಾಡು ಕಳಿಸಿದ್ದಳು. ಒಂದೇ ಸಲ ಕೆಂಡದ ಮೇಲೆ ಸುಟ್ಟೆ. ಮಾಲೀಕರ ಮನೆಯಾಕೆ ಬಾಗಿಲಿಗೆ ಬಂದು, "ಏನೋ ವಾಸನೆ ಬರ್ತಿದೆಯಲ್ಲಾ, ನೀವು ಯಾವ ಜನ ಅಂದಿರಿ?" ಎಂದರು. ಇಲಿ ಸತ್ತಿರಬೇಕು ಎಂದೆ. ರಾತ್ರಿ ಉಳಿದದ್ದನ್ನೆಲ್ಲ ಕಾಗದದಲ್ಲಿ ಸುತ್ತಿ ಬೀದಿಯ ತೊಟ್ಟಿಗೆ ಹಾಕಿ ಬಂದೆ.

ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ ಕೇಳಿದಳು: "ಮುಗೀತೇನವ್ವ?" ಹೂಂ ಅಂದೆ. ಅವಳಿಗೆ ಬಲು ಸಂತೋಷವಾಯಿತು. ಮರುವರ್ಷ ಎರಡರಷ್ಟು ಕಳಿಸಿದಳು.