ಪಿಸ್ತೂಲನ್ನು ಪಕ್ಕದ ರಾಜ್ಯಕ್ಕೆ ಕಳಿಸೋದಾದ್ರೆ: ಮೊದಲು ಕಾಗದ, ಆಮೇಲೆ ಆಯುಧ

ಹಾಸನೂರಿನ ನನ್ನ ಅಂಗಡಿಗೆ ಕಳೆದ ಮಳೆಗಾಲದಲ್ಲಿ ಪರಿಚಯದ ಹುಡುಗನೊಬ್ಬ ಬಂದಿದ್ದ. ತಾಳವಾಡಿ ಕಡೆ ವ್ಯಾಪಾರ ಮಾಡ್ಕೊಂಡಿದ್ದ ಅವನ ಉಪ್ಪ ತೀರಿಹೋಗಿ ಒಂದು ತಿಂಗಳಾಗಿತ್ತು. ಮನೆಯ ಬೀರುವಿನಲ್ಲಿ ಅವರ ರಿವಾಲ್ವರ್ ಹಾಗೇ ಉಳಿದಿತ್ತು. "ಮಂಗಳೂರಿನಲ್ಲಿ ಅಣ್ಣ ಇದ್ದಾನೆ. ತರಕಾರಿ ಗಾಡಿಯಲ್ಲಿ ಒಂದು ಡಬ್ಬಕ್ಕೆ ಹಾಕಿ ಕಳಿಸಿದ್ರೆ ಆಗ್ತದಾ? ಹೇಗೂ ಲೈಸೆನ್ಸ್ ಉಂಟಲ್ಲ" ಅಂತ ಕೇಳಿದ.

ಅಪಾಯ ಇರೋದು ಆ "ಲೈಸೆನ್ಸ್ ಉಂಟಲ್ಲ" ಎಂಬ ಮಾತಿನಲ್ಲೇ. ನಾನು ಬಿ.ಕಾಂ. ಓದಿದ ಸಣ್ಣ ವ್ಯಾಪಾರಿ, ವಕೀಲ ಅಲ್ಲ. ಆದರೆ ಆವತ್ತು ಅವನಿಗಾಗಿ ಕಾನೂನು ಓದಿ, ತಿಳಿದವರನ್ನು ಕೇಳಿ ಕಲಿತದ್ದನ್ನು ನಮ್ಮ ಯುವಕರಿಗೆ ತಿಳಿಸೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಲೈಸೆನ್ಸ್ ಯಾರದ್ದು?

ಬಂದೂಕಿನ ವಿಷಯದಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು. ಅದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ಲೈಸೆನ್ಸ್ ಕೊಡೋದು ಮನೆಗಲ್ಲ, ಕುಟುಂಬಕ್ಕೂ ಅಲ್ಲ, ಒಬ್ಬ ವ್ಯಕ್ತಿಗೆ. ಅದರಲ್ಲಿ ಆ ವ್ಯಕ್ತಿಯ ಹೆಸರು, ಆಯುಧದ ವಿವರ, ಅದು ಎಲ್ಲಿ ಊರ್ಜಿತ ಎಂಬ ವ್ಯಾಪ್ತಿ ಇರುತ್ತದೆ. ವ್ಯಾಪ್ತಿ ಒಂದು ಜಿಲ್ಲೆ ಇರಬಹುದು, ಒಂದು ರಾಜ್ಯ ಇರಬಹುದು, ಇಡೀ ಭಾರತವೂ ಇರಬಹುದು.

ಈರೋಡು ಜಿಲ್ಲೆಯಲ್ಲಿ ಪಡೆದ ಲೈಸೆನ್ಸಿನ ವ್ಯಾಪ್ತಿ ತಮಿಳುನಾಡು ಮಾತ್ರ ಎಂದಿದ್ದರೆ, ಹಾಸನೂರು ದಾಟಿ ಪುಣಜನೂರಿನ ಕರ್ನಾಟಕ ಗಡಿ ಮುಟ್ಟಿದ ಕೂಡಲೇ ಆ ಕಾಗದಕ್ಕೆ ಬಲ ಇಲ್ಲ. ನಮಗೆ ಚಾಮರಾಜನಗರ ಸಂತೆಗೆ ಹೋಗಿಬರುವಷ್ಟು ಹತ್ತಿರ. ಕಾನೂನಿಗೆ ಅದು ಬೇರೆ ರಾಜ್ಯ. ಹಾಗಾಗಿ ಮೊದಲ ಕೆಲಸ ಲೈಸೆನ್ಸ್ ತೆಗೆದು ವ್ಯಾಪ್ತಿಯ ಸಾಲನ್ನು ಓದೋದು. ಸಾಲದಿದ್ದರೆ ಲೈಸೆನ್ಸ್ ಕೊಟ್ಟ ಅಧಿಕಾರಿಗೇ ವಿಸ್ತರಣೆಗೆ ಅರ್ಜಿ ಹಾಕಬೇಕು. ತಮಿಳುನಾಡಿನ ಜಿಲ್ಲೆಗಳಲ್ಲಿ ಅದು ಕಲೆಕ್ಟರ್, ಕರ್ನಾಟಕದಲ್ಲಿ ಜಿಲ್ಲಾಧಿಕಾರಿ, ಮಂಗಳೂರಿನಂಥ ನಗರಗಳಲ್ಲಿ ಪೊಲೀಸ್ ಕಮಿಷನರ್.

ಬೇರೆಯವರ ಕೈಯಲ್ಲಿ ಕಳಿಸಬಹುದಾ?

ಕಾಯ್ದೆಯ 3ನೇ ಸೆಕ್ಷನ್ ಇಲ್ಲಿ ಸಣ್ಣ ವಿನಾಯಿತಿ ಕೊಡುತ್ತದೆ. ಲೈಸೆನ್ಸ್‌ದಾರ ಜೊತೆಯಲ್ಲಿದ್ದರೆ ಅಥವಾ ಅವನು ಬರೆದುಕೊಟ್ಟ ಒಪ್ಪಿಗೆ ಪತ್ರ ಇದ್ದರೆ ಇನ್ನೊಬ್ಬ ಆಯುಧ ಒಯ್ಯಬಹುದು. ಅದೂ ಮೂರು ಕಾರಣಕ್ಕೆ ಮಾತ್ರ: ರಿಪೇರಿ, ಲೈಸೆನ್ಸ್ ನವೀಕರಣ, ಇಲ್ಲವೇ ಲೈಸೆನ್ಸ್‌ದಾರನ ಸ್ವಂತ ಬಳಕೆ. "ಅಣ್ಣನ ಮನೆಯಲ್ಲಿ ಇಡಲಿಕ್ಕೆ" ಎಂಬುದು ಇದರಲ್ಲಿ ಇಲ್ಲ. ಲೈಸೆನ್ಸ್‌ದಾರನೇ ತೀರಿಹೋದ ಮೇಲೆ ಒಪ್ಪಿಗೆ ಬರೆದುಕೊಡೋರು ಯಾರು?

ಕೊರಿಯರ್, ಬಸ್ ಪಾರ್ಸೆಲ್, ಲಾರಿ ಇವ್ಯಾವುದನ್ನೂ ಯೋಚಿಸಲೇಬೇಡಿ. ಕೊರಿಯರ್‌ನವರ ನಿಷೇಧಿತ ಪಟ್ಟಿಯಲ್ಲಿ ಬಂದೂಕು, ಗುಂಡು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಗುಂಡಿನೊಳಗೆ ಸ್ಫೋಟಕ ಇರೋದರಿಂದ ಅಂಚೆಯಲ್ಲೂ ಕಳಿಸುವಂತಿಲ್ಲ. ವಿಷಯ ಗೊತ್ತಿಲ್ಲದ ಡ್ರೈವರ್ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಮೊದಲು ಒಳಗೆ ಹೋಗೋನು ಅವನೇ. ಪಡೆಯುವವನಿಗೆ ಹಕ್ಕು ಉಂಟಾ ಅಂತ ನೋಡದೆ ಆಯುಧ ಕೊಟ್ಟವನಿಗೂ 29ನೇ ಸೆಕ್ಷನ್ನಿನಲ್ಲಿ ಶಿಕ್ಷೆ ಇದೆ.

ಲೈಸೆನ್ಸ್‌ದಾರ ತಾನೇ ಒಯ್ಯುವುದಾದರೆ ಮೂಲ ಲೈಸೆನ್ಸ್ ಜೊತೆಯಲ್ಲಿರಲಿ. ಆಯುಧದಿಂದ ಗುಂಡು ತೆಗೆದು ಬೇರೆ ಇಡಿ. ವಿಮಾನವಾದರೆ ಕ್ಯಾಬಿನ್ ಬ್ಯಾಗಿನಲ್ಲಿ ಒಯ್ಯುವಂತಿಲ್ಲ. ಮೊದಲೇ ವಿಮಾನ ಕಂಪನಿಗೆ ತಿಳಿಸಿ, ಕೌಂಟರ್‌ನಲ್ಲಿ ಘೋಷಿಸಿ, ಚೆಕ್-ಇನ್ ಲಗೇಜಿನಲ್ಲಿ ಕೊಡಬೇಕು.

ಹಾಸನೂರಿಗೆ ಇನ್ನೊಂದು ಕಾನೂನು

ಇದು ನಮ್ಮ ಕಡೆಯ ಬಹಳ ಜನರಿಗೆ ಗೊತ್ತಿಲ್ಲ. ಹಾಸನೂರು ಇರೋದು ಸತ್ಯಮಂಗಲ ಕಾಡಿನ ನಡುವೆ. 2013ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಗಡಿಯಾಚೆ ಬಿಳಿಗಿರಿರಂಗನ ಬೆಟ್ಟದ್ದೂ ಹುಲಿ ಸಂರಕ್ಷಿತ ಕಾಡೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯಕ್ಕೆ ಕಾಲಿಡುವಂತಿಲ್ಲ. "ನಾನು ಹೈವೇಯಲ್ಲಿ ಹೋಗ್ತಿದ್ದೆ" ಅನ್ನೋ ಉತ್ತರ ಸಾಕಾಗುತ್ತದೆ ಅಂತ ನಂಬಿ ಹೊರಡಬೇಡಿ. ಶಸ್ತ್ರಾಸ್ತ್ರ ಲೈಸೆನ್ಸ್ ಸರಿ ಇದ್ದರೂ ಎರಡೂ ರಾಜ್ಯಗಳ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

34ನೇ ಸೆಕ್ಷನ್ ಇನ್ನೂ ಹತ್ತಿರ ಬರುತ್ತದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿ.ಮೀ. ಸುತ್ತಳತೆಯಲ್ಲಿ ವಾಸಿಸುವ ಲೈಸೆನ್ಸ್‌ದಾರರು ವನ್ಯಜೀವಿ ವಾರ್ಡನ್ ಬಳಿ ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಲೈಸೆನ್ಸ್ ಕೊಡಬೇಕಾದರೂ ವಾರ್ಡನ್ ಒಪ್ಪಿಗೆ ಬೇಕು.

ವೀರಪ್ಪನ್ ಓಡಾಡಿದ ಕಾಡು ಇದು. 2000ನೇ ಇಸವಿ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ್ದು ಇದೇ ತಾಳವಾಡಿ ಸೀಮೆಯ ಗಾಜನೂರಿನಿಂದ. ಇಲ್ಲಿನ ಚೆಕ್‌ಪೋಸ್ಟಿನಲ್ಲಿ ಬಂದೂಕು ಕಂಡರೆ ಯಾರೂ ಹಗುರವಾಗಿ ತಗೊಳ್ಳೋದಿಲ್ಲ.

ಉಪ್ಪ ತೀರಿಹೋದರೆ ಏನು ಮಾಡಬೇಕು?

1. ಮೊದಲು ಠೇವಣಿ. 21ನೇ ಸೆಕ್ಷನ್ ಪ್ರಕಾರ ಆಯುಧವನ್ನು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಒಪ್ಪಿಸಿ ರಸೀದಿ ಪಡೆಯಬೇಕು. ಗುಂಡುಗಳನ್ನೂ ಎಣಿಸಿ ಬರೆಸಿಕೊಳ್ಳಿ. ಒಪ್ಪಿಸಿದ ಮಾತ್ರಕ್ಕೆ ಹಕ್ಕು ಹೋಗೋದಿಲ್ಲ.

2. ಬೇಕಾದವರು ಅರ್ಜಿ ಹಾಕಲಿ. 2016ರ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶ ಇದೆ. ವಾರಸುದಾರ ತಾನು ವಾಸ ಇರುವ ಜಿಲ್ಲೆಯ ಅಧಿಕಾರಿಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಹಳೆಯ ಲೈಸೆನ್ಸ್, ಠೇವಣಿ ರಸೀದಿ, ಉಳಿದ ವಾರಸುದಾರರ ಒಪ್ಪಿಗೆ ಸಿದ್ಧ ಇರಲಿ. 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಸರಿ ಬರಬೇಕು.

3. ಹೊಸ ಲೈಸೆನ್ಸಿನಲ್ಲಿ ಆಯುಧ ದಾಖಲಾದ ಮೇಲೆ ಸಾಗಾಟ. ಅದನ್ನು ಯಾವ ದಾರಿಯಲ್ಲಿ, ಯಾರು ತರಬೇಕು ಅಂತ ಅಧಿಕಾರಿಯಿಂದ ಬರಹದಲ್ಲೇ ಪಡೆದು, ಲೈಸೆನ್ಸ್ ಪಡೆದವನೇ ಬಂದು ಒಯ್ಯೋದು ಒಳ್ಳೆಯದು.

4. ಯಾರಿಗೂ ಬೇಡವಾದರೆ ಮಾರಬಹುದು. ಲೈಸೆನ್ಸ್ ಇರುವ ಖಾಸಗಿ ವ್ಯಕ್ತಿಗೆ ಮಾರುವುದಾದರೆ 5ನೇ ಸೆಕ್ಷನ್ ಪ್ರಕಾರ ಅವನ ಹೆಸರು, ವಿಳಾಸವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಠಾಣೆಗೆ ಬರೆದು ತಿಳಿಸಿ, 45 ದಿನ ಕಳೆದ ಮೇಲಷ್ಟೇ ಕೊಡಬೇಕು.

ಹಿರಿಯರು ಬದುಕಿರುವಾಗಲೇ ವ್ಯವಸ್ಥೆ ಮಾಡುವುದಿದ್ದರೆ ಅದಕ್ಕೂ ದಾರಿ ಉಂಟು. ಲೈಸೆನ್ಸ್‌ದಾರರಿಗೆ 70 ವರ್ಷ ಆದಾಗ ಅಥವಾ ಆಯುಧ ಇಟ್ಟುಕೊಂಡು 25 ವರ್ಷ ಆದಾಗ, ಯಾವುದು ಮೊದಲೋ ಆಗ, ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ವಾರಸಿನಲ್ಲಿ ಬಂದದ್ದೂ ಈ ಲೆಕ್ಕಕ್ಕೇ ಸೇರುತ್ತದೆ.

ಕೊಡಗಿನ ಮಾತು ಬೇರೆ. ಅಲ್ಲಿನ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೆಲವು ಬಂದೂಕುಗಳ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದನ್ನು ನೋಡಿ ನಮಗೂ ನಡೀತದೆ ಅಂದ್ಕೋಬೇಡಿ.

ತಪ್ಪಿದರೆ ಏನಾಗುತ್ತದೆ?

ಲೈಸೆನ್ಸ್ ಇಲ್ಲದೆ ಸಾಧಾರಣ ಬಂದೂಕು ಇಟ್ಟುಕೊಂಡರೆ ಈಗ 2ರಿಂದ 5 ವರ್ಷ ಜೈಲು ಮತ್ತು ದಂಡ. 9 ಎಂಎಂ ಪಿಸ್ತೂಲಿನಂಥ ನಿಷೇಧಿತ ಆಯುಧವಾದರೆ 7ರಿಂದ 14 ವರ್ಷ. ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಕಾನೂನಿನಲ್ಲಿ ಅವಕಾಶ ಇದೆ. ಗಲ್ಫ್ ಕೆಲಸವನ್ನೇ ನಂಬಿದ ಮನೆಗೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳ್ಬೇಕಾ? ಉಪ್ಪನ ನೆನಪು ಅಂತ ಇಟ್ಟುಕೊಂಡ ಕಬ್ಬಿಣ ಮಗನ ವೀಸಾವನ್ನೇ ತಿನ್ನಬಹುದು.

ಆ ಹುಡುಗ ಮರುದಿನವೇ ದೊಡ್ಡವರೊಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ ರಿವಾಲ್ವರ್ ಒಪ್ಪಿಸಿ ರಸೀದಿ ತಂದ. ಮಂಗಳೂರಿನಲ್ಲಿ ಅಣ್ಣ ಅರ್ಜಿ ಹಾಕಿದ್ದಾನೆ, ಇನ್ನೂ ಮಂಜೂರಾಗಿಲ್ಲ. ತಡ ಆಗ್ತಾ ಉಂಟು, ನಿಜ. ಆದರೆ ಆ ಮನೆಯಲ್ಲಿ ಯಾರ ಮೇಲೂ ಕೇಸಿಲ್ಲ. ನಿಮ್ಮ ಮನೆಯಲ್ಲೂ ಹಳೆಯ ಲೈಸೆನ್ಸ್ ಇದ್ದರೆ ಇವತ್ತೇ ತೆಗೆದು ಹೆಸರು, ಅವಧಿ, ವ್ಯಾಪ್ತಿ ಈ ಮೂರನ್ನೂ ಓದಿ. ಸಂಶಯ ಬಂದರೆ ವಕೀಲರನ್ನು ಕೇಳಿ, ಡ್ರೈವರನ್ನು ಅಲ್ಲ.