ಕೋಳಿಯ ಗಡ್ಡೆ ತೆರೆದ ಬಾಗಿಲು

ಕ್ಯಾನ್ಸರ್ ಎಂದೊಡನೆ ರೋಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆ, 'ಇದು ಎಲ್ಲಿಂದ ಬಂತು?' ವಿಜ್ಞಾನಿಗಳೂ ಇದನ್ನೇ ಕೇಳಿಕೊಂಡು ದಶಕಗಳನ್ನು ಕಳೆದರು.

1911ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್, ಕೋಳಿಯ ಗಡ್ಡೆಯನ್ನು ಅರೆದು, ಜೀವಕೋಶಗಳು ದಾಟದಂತೆ ಸೋಸಿ, ಆ ರಸವನ್ನು ಆರೋಗ್ಯವಂತ ಕೋಳಿಗಳಿಗೆ ಚುಚ್ಚಿದ ಪ್ರಯೋಗವನ್ನು ಪ್ರಕಟಿಸಿದರು. ಅವುಗಳಲ್ಲೂ ಗಡ್ಡೆ ಬೆಳೆದಿತ್ತು. ಕಾರಣ ಒಂದು ವೈರಸ್. ಇದಕ್ಕೆ ನೊಬೆಲ್ ದೊರೆತದ್ದು 1966ರಲ್ಲಿ. ಆಗ ರೌಸ್ ಅವರಿಗೆ 87 ವರ್ಷ!

ಆ ವೈರಸ್ಸಿನಲ್ಲಿ ರೋಗ ತರುವ ಜೀನಿನ ಹೆಸರು 'ಸಾರ್ಕ್'. 1976ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮೈಕೇಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಸಂಗಡಿಗರು ಅಚ್ಚರಿಯ ಸಂಗತಿಯೊಂದನ್ನು ತೋರಿಸಿದರು. ರೋಗವಿಲ್ಲದ ಕೋಳಿಯ ಜೀವಕೋಶದಲ್ಲೂ ಆ ಜೀನು ಇತ್ತು. ವೈರಸ್ ಅದನ್ನು ಕೋಳಿಯಿಂದಲೇ ಕದ್ದಿತ್ತು!

ಇಂಥ ಜೀನುಗಳು ನಮ್ಮಲ್ಲೂ ಇವೆ. 'ಬೆಳೆ' ಎಂಬ ಸಂದೇಶವನ್ನು ಜೀವಕೋಶದೊಳಗೆ ಮುಟ್ಟಿಸುವುದು ಇವುಗಳಲ್ಲಿ ಅನೇಕದರ ಕೆಲಸ. ಜೀನು ಕೆಟ್ಟರೆ, ಸಂದೇಶ ಬಾರದಿದ್ದರೂ ಬಂದಂತೆ ವರ್ತಿಸುತ್ತದೆ. ಆಗ ಸೈಕ್ಲಿನ್-ಡಿ ಎಂಬ ಪ್ರೋಟೀನು ಹೆಚ್ಚಿ, ತನ್ನ ಜೊತೆಗಾರ ಕಿಣ್ವಗಳ ಮೂಲಕ 'ಆರ್‌ಬಿ' ಪ್ರೋಟೀನಿನ ಕಾವಲನ್ನು ಸಡಿಲಿಸುತ್ತದೆ. ತಡೆಯಿಲ್ಲದ ಜೀವಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಲೇ ಹೋಗುತ್ತದೆ.

ಕಾರಣ ತಿಳಿದದ್ದರಿಂದ ದಾರಿಯೂ ಕಂಡಿತು. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಾಲ್ಬೋಸಿಕ್ಲಿಬ್, ಆ ಕಿಣ್ವಗಳನ್ನೇ ತಡೆದು ಕೆಲವು ಬಗೆಯ ಸ್ತನ ಕ್ಯಾನ್ಸರುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ.

ಆದ್ದರಿಂದ ವೀಕ್ಷಕರೇ, ರೋಗಿಯ ಎದುರು ಪಾಪ, ಶಾಪಗಳ ಮಾತು ಬೇಡ. ಕೆಟ್ಟದ್ದು ಜೀವಕೋಶದ ಒಂದು ಜೀನು, ಮನುಷ್ಯನ ನಡತೆಯಲ್ಲ.