ಛೋಟಾನಾಗಪುರದ ಸಭೆಯ ಶ್ರಮೆಗಳು: ವಿಶ್ವಾಸವೂ ಭೂಮಿಯೂ

ಸಭಾಚರಿತ್ರೆಯಲ್ಲಿ ಹಿಂಸೆಯ ಅಧ್ಯಾಯವನ್ನು ನಾವು ರೋಮ್ ಸಾಮ್ರಾಜ್ಯದಿಂದ ಆರಂಭಿಸುವುದು ವಾಡಿಕೆ. ನಮ್ಮ ದೇಶದಲ್ಲಿಯೇ, ಇಂದಿನ ಜಾರ್ಖಂಡಿಗೆ ಸೇರಿದ ಛೋಟಾನಾಗಪುರದಲ್ಲಿ, ಆದಿವಾಸಿ ವಿಶ್ವಾಸಿಗಳು ಅನುಭವಿಸಿದ ಶ್ರಮೆಗಳಿಗೆ ನಾವು ಅಷ್ಟಾಗಿ ಗಮನ ಕೊಟ್ಟಿಲ್ಲ. ಕೊಟ್ಟಾಗಲೂ ಅವು ಕ್ರಿಸ್ತನಾಮದ ನಿಮಿತ್ತ ಮಾತ್ರವೇ ಉಂಟಾದವೆಂದು ಓದಿ ಮುಂದೆ ಸಾಗುತ್ತೇವೆ. ಆ ಓದು ಸಾಲದೆಂಬುದು ನಮ್ಮ ಅಭಿಪ್ರಾಯ.

ಬರ್ಲಿನ್ನಿನ ಸಭಾಪಾಲಕರಾದ ಯೋಹಾನ್ನೆಸ್ ಗೊಸ್ನರ್ ಅವರು ಕಳುಹಿಸಿದ ನಾಲ್ವರು ಮಿಷನರಿಗಳು 1845ರ ನವೆಂಬರ್ 2ರಂದು ರಾಂಚಿಯನ್ನು ಸೇರಿದರು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದು ಆಗ 11 ವರ್ಷಗಳಾಗಿದ್ದವು. ಕಲ್ಕತ್ತೆಯಲ್ಲಿ ಕೂಲಿ ಮಾಡುತ್ತಿದ್ದ ಛೋಟಾನಾಗಪುರದ ಜನರನ್ನು ಕಂಡುದೇ ಅವರು ಅತ್ತ ಹೊರಡಲು ಪ್ರೇರಣೆಯಾಯಿತು. ಅಲ್ಲಿಯ ಪ್ರಮುಖ ಜನಾಂಗಗಳಲ್ಲಿ ಮುಂಡಾ ಮತ್ತು ಉರಾಂವ್ ಎರಡು. ಉರಾಂವ್ ಜನರ ಕುಡುಖ್ ನುಡಿ ಕನ್ನಡದ ಬಳಗಕ್ಕೇ ಸೇರಿದ ದ್ರಾವಿಡ ಭಾಷೆ. ನಮ್ಮ 'ಕಣ್ಣು' ಅವರಲ್ಲಿ 'ಖನ್'. ನಾಲ್ಕು ವರ್ಷಗಳಿಗೂ ಮೀರಿ ಒಬ್ಬರೂ ದೀಕ್ಷಾಸ್ನಾನಕ್ಕೆ ಬರಲಿಲ್ಲ. 1850ರ ಜೂನ್ 9ರಂದು ಪ್ರಥಮಫಲವಾಗಿ ಬಂದ ನಾಲ್ವರು ಉರಾಂವ್ ಪುರುಷರು ಅದಕ್ಕೆ ಮೊದಲು ಕಬೀರಪಂಥಿಗಳಾಗಿದ್ದರು. ಅಂದರೆ ಅವರು ದೇವರನ್ನು ಅದಾಗಲೇ ಅರಸುತ್ತಿದ್ದವರು. ಮಿಷನ್ ವರದಿಗಳು ಚಿತ್ರಿಸುವ 'ಕತ್ತಲೆಯ ಜನ'ವೆಂಬ ಮಾತು ಅವರಿಗೆ ಒಪ್ಪುವುದಿಲ್ಲ.

ಆ ನಾಡಿನ ಬೇಗುದಿಯ ಮೂಲ ಭೂಮಿಯಲ್ಲಿತ್ತು. ಕಾಡನ್ನು ಕಡಿದು ಹೊಲ ಮಾಡಿದ ಮನೆತನಕ್ಕೇ ಆ ಹೊಲದ ಹಕ್ಕು ಎಂಬುದು ಪೂರ್ವಿಕರ ಕಟ್ಟಳೆ. ಮುಂಡಾ ಜನರಲ್ಲಿ ಇದನ್ನು ಖುಂಟಕಟ್ಟಿ ಎಂದು ಕರೆಯುತ್ತಾರೆ. ಹೊರಗಿನಿಂದ ಬಂದ ಜಮೀನ್ದಾರರೂ ಠೇಕೇದಾರರೂ ಈ ಹಕ್ಕನ್ನು ಕಸಿದುಕೊಂಡು, ಬಿತ್ತನೆಯ ಮತ್ತು ಕೊಯ್ಲಿನ ದಿನಗಳಲ್ಲಿ ರೈತರನ್ನು ಬಿಟ್ಟಿ ಚಾಕರಿಗೆ ಎಳೆಯುತ್ತಿದ್ದರು. ಕ್ರೈಸ್ತರಾದವರು ಬಿಟ್ಟಿಯನ್ನು ನಿರಾಕರಿಸತೊಡಗಿದರು, ನ್ಯಾಯಸ್ಥಾನದ ಮೆಟ್ಟಿಲೇರಿದರು. ಜಮೀನ್ದಾರರ ಕೋಪ ಅವರ ಮೇಲೆ ಉರಿದುದು ಇದರಿಂದ. ಭೂಮಿಯ ಆಸೆಯಿಂದ ಬಂದವರ ವಿಶ್ವಾಸ ಶುದ್ಧವಾದುದೇ ಎಂದು ಮಿಷನರಿಗಳು ಕಳವಳಪಟ್ಟರು. ಐಗುಪ್ತದಲ್ಲಿ ಇಸ್ರಾಯೇಲ್ಯರು ಮೊರೆಯಿಟ್ಟುದೂ ಬಿಟ್ಟೀಕೆಲಸದ ಭಾರದಿಂದಲೇ ಅಲ್ಲವೇ? ಆ ಮೊರೆಯನ್ನು ದೇವರು ಅಶುದ್ಧವೆಂದು ತಳ್ಳಿಬಿಡಲಿಲ್ಲ.

1857ರ ಆಗಸ್ಟ್ ತಿಂಗಳ ಆರಂಭದಲ್ಲಿ ಸೈನಿಕರ ದಂಗೆ ರಾಂಚಿಗೂ ಹಬ್ಬಿತು. ಆಂಗ್ಲ ಅಧಿಕಾರಿಗಳು ಊರು ಬಿಟ್ಟರು, ಮಿಷನರಿಗಳೂ ಹೊರಟುಹೋದರು. ಆದಿವಾಸಿ ಕ್ರೈಸ್ತರಿಗೆ ಹೋಗಲು ಕಾಡಲ್ಲದೆ ಬೇರೆ ಎಡೆಯಿರಲಿಲ್ಲ. ಹಳ್ಳಿಗಳಲ್ಲಿ ಜಮೀನ್ದಾರರು ಈ ಅವಕಾಶವನ್ನು ಬಳಸಿಕೊಂಡು ಅವರ ಮನೆಗಳನ್ನು ಸುಲಿದರು, ಹೊಲಗಳನ್ನು ವಶಪಡಿಸಿಕೊಂಡರು. 1855ರಲ್ಲಿ ಪ್ರತಿಷ್ಠೆಯಾಗಿದ್ದ ರಾಂಚಿಯ ಕ್ರಿಸ್ತ ದೇವಾಲಯದ ಮೇಲೆ ತೋಪು ಹಾರಿತು. ಮಿಷನರಿಗಳು ಮರಳಿ ಬಂದಾಗ ಸಭೆ ಉಳಿದಿತ್ತು. ಮುಂದಿನ ವರ್ಷಗಳಲ್ಲಿ ಅದು ಬಹಳವಾಗಿ ಬೆಳೆಯಿತು. ಪಾಲಕರಿಲ್ಲದ ಆ ತಿಂಗಳುಗಳಲ್ಲಿ ಸಭೆಯನ್ನು ಹೊತ್ತವರು ಆದಿವಾಸಿಗಳೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗುರುತಿಸಬೇಕು.

ಇನ್ನೊಂದು ಸಂಗತಿಯೂ ಉಂಟು. ಆ ದಂಗೆಯ ನಾಯಕರಾಗಿದ್ದ ಠಾಕೂರ್ ವಿಶ್ವನಾಥ ಶಾಹದೇವ್ ಮತ್ತು ಪಾಂಡೆ ಗಣಪತ್ ರಾಯ್ ಅವರನ್ನು 1858ರ ಏಪ್ರಿಲಿನಲ್ಲಿ ರಾಂಚಿಯಲ್ಲಿ ಗಲ್ಲಿಗೇರಿಸಲಾಯಿತು. ಇಂದು ಅವರು ಸ್ವಾತಂತ್ರ್ಯದ ಹುತಾತ್ಮರು. ಸಭೆಯ ಸ್ಮರಣೆಯಲ್ಲಿ ಹಿಂಸೆಯ ಕಾಲವಾಗಿರುವುದು ದೇಶದ ಸ್ಮರಣೆಯಲ್ಲಿ ವಿಮೋಚನೆಯ ಕಾಲ. ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವ ಹಕ್ಕು ಇತಿಹಾಸಕಾರನಿಗಿಲ್ಲ.

1869ರ ಕಾಯಿದೆಯು ಪೂರ್ವಿಕರ ಭೂಮಿಯನ್ನು ಅಳೆದು ದಾಖಲಿಸುವ ಏರ್ಪಾಡು ಮಾಡಿತಾದರೂ ಜನರ ಅಳಲು ತೀರಲಿಲ್ಲ. 'ಸರ್ದಾರ'ರೆಂದು ಕರೆಯಲ್ಪಟ್ಟ ಮುಖಂಡರು, ಅವರಲ್ಲಿ ಅನೇಕರು ಕ್ರೈಸ್ತರು, ವರ್ಷಾನುಗಟ್ಟಲೆ ಸರಕಾರಕ್ಕೆ ಅರ್ಜಿಗಳನ್ನು ಸಲ್ಲಿಸಿದರು. ಅವರ ಬೇಡಿಕೆ ತೀವ್ರವಾದಂತೆ ಮಿಷನರಿಗಳು ಹಿಂದೆ ಸರಿದರು. ಸರ್ದಾರರು ಮಿಷನ್ನಿಗೆ ಬೆನ್ನು ತಿರುಗಿಸಿದರು. ಚಾಯಿಬಾಸಾದ ಜರ್ಮನ್ ಮಿಷನ್ ಶಾಲೆಯಲ್ಲಿ ಓದಿದ್ದ ಬಿರ್ಸಾ ಮುಂಡಾ ಅವರೂ ಹಾಗೆಯೇ ಸಭೆಯಿಂದ ಹೊರನಡೆದವರು. 1899ರ ಕ್ರಿಸ್ಮಸ್ ಹಿಂದಿನ ರಾತ್ರಿ ಅವರ ಅನುಯಾಯಿಗಳ ಬಾಣಗಳು ಕ್ರೈಸ್ತರ ಮೇಲೆಯೂ ಮಿಷನ್ ಆವರಣಗಳ ಮೇಲೆಯೂ ಹಾರಿದವು. ಈ ಸಲ ಬಾಣ ಬಿಟ್ಟವರು ಜಮೀನ್ದಾರರಲ್ಲ, ಭೂಮಿಯನ್ನು ಕಳೆದುಕೊಂಡವರು. ಈ ಆಕ್ರಮಣವನ್ನು 1857ರ ಹಿಂಸೆಯ ಸಾಲಿನಲ್ಲಿಯೇ ಸೇರಿಸುವ ಬರಹಗಳನ್ನು ನಾವು ಒಪ್ಪಲಾರೆವು. ಮಿಷನ್ ಕಿವಿಗೊಡದೆ ಬಿಟ್ಟ ಮೊರೆಯ ಪಾತ್ರವೂ ಇದರಲ್ಲಿದೆ. ಬಿರ್ಸಾ ಅವರು ರಾಂಚಿಯ ಸೆರೆಮನೆಯಲ್ಲಿ ತೀರಿಕೊಂಡದ್ದು 1900ರ ಜೂನ್ 9ರಂದು, ಮೊದಲ ನಾಲ್ವರ ದೀಕ್ಷಾಸ್ನಾನಕ್ಕೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ.

ಅವರ ಹೋರಾಟದ ತರುವಾಯವೇ 1908ರಲ್ಲಿ ಛೋಟಾನಾಗಪುರ ಗೇಣಿ ಕಾಯಿದೆ ಬಂದಿತು. ಮುಂಡಾ ಭಾಷೆಯನ್ನೂ ಕಟ್ಟಳೆಗಳನ್ನೂ ಆಳವಾಗಿ ಬಲ್ಲ ಯೇಸುಸಭೆಯ ಗುರು ಜಾನ್ ಹಾಫ್‌ಮನ್ ಅವರ ನೆರವು ಅದರ ರಚನೆಯಲ್ಲಿತ್ತು. ಖುಂಟಕಟ್ಟಿಯ ಹಕ್ಕನ್ನು ಮಾನ್ಯಮಾಡಿ, ಆದಿವಾಸಿಗಳ ಭೂಮಿ ಪರರ ಪಾಲಾಗದಂತೆ ನಿರ್ಬಂಧ ವಿಧಿಸಿದ ಆ ಕಾಯಿದೆ ಹಲವು ತಿದ್ದುಪಡಿಗಳೊಡನೆ ಇಂದಿಗೂ ಜಾರಿಯಲ್ಲಿದೆ. ಬಾಣ ಬಿಟ್ಟವರ ಸಂತತಿಗೂ ಬಾಣಕ್ಕೆ ಗುರಿಯಾದವರ ಸಂತತಿಗೂ ಅದು ಒಂದೇ ರೀತಿಯಲ್ಲಿ ಅನ್ವಯಿಸುತ್ತದೆ.